ಶಕ್ತಿತಸ್ತಪ: ಯಕೃತ್ತಿನ ರೋಗಿಗೆ ಉಪವಾಸದ ಮರ್ಯಾದೆ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. ಯಾದಗಿರಿ, ಶಹಾಪುರ, ಸುರಪುರಗಳ ಶ್ರಾವಕರ ಮನೆಗಳಲ್ಲಿ ಆ ದಿನಗಳು ಬರುವ ಮುನ್ನವೇ ಯಾರು ಯಾವ ನೋಂಪಿ ಹಿಡಿಯುವರೆಂಬ ಮಾತು ಮೊದಲಾಗುತ್ತದೆ. ಉದಾಹರಣೆಗೆ, ಹದಿನಾಲ್ಕು ವರ್ಷದ ಅನಂತ ನೋಂಪಿ ಹಿಡಿದು ಹನ್ನೆರಡು ವರ್ಷ ನಡೆಸಿದ ಶ್ರಾವಕಿಯೊಬ್ಬಳನ್ನು ತೆಗೆದುಕೊಳ್ಳಬಹುದು. ಈ ವರ್ಷ ಆಕೆಗೆ ಯಕೃತ್ತಿನ (ಲಿವರ್) ರೋಗವಿದೆಯೆಂದು ವೈದ್ಯರು ಹೇಳಿದ್ದಾರೆ. ಮೂತ್ರಪಿಂಡಗಳ ಮೇಲೂ ಕಣ್ಣಿಡಬೇಕೆಂದಿದ್ದಾರೆ. ಮನೆಯಲ್ಲಿ ಯಾರೂ ಆಕೆಯನ್ನು ಉಪವಾಸಕ್ಕೆ ಒತ್ತಾಯಿಸುವುದಿಲ್ಲ. ಆಕೆಯ ಮನಸ್ಸೇ ಒತ್ತಾಯಿಸುತ್ತದೆ. ಉಳಿದ ಎರಡು ವರ್ಷ ನಿರ್ಜಲವಾಗಿ ನಡೆಯದಿದ್ದರೆ ವ್ರತಭಂಗವಾಗುವುದೆ ಎಂಬುದು ಈ ಪಾಠದ ಪ್ರಶ್ನೆ.

ರೋಗದ ಸ್ವರೂಪ

ಹೊರಗಿನ ರೋಗಾಣುಗಳನ್ನು ತಡೆಯಬೇಕಾದ ದೇಹದ ರಕ್ಷಣಾಶಕ್ತಿಯೇ ಯಕೃತ್ತನ್ನು ಪರಕೀಯವೆಂದು ಬಗೆದು ಅದರ ಮೇಲೆ ಎರಗುವುದು ಈ ರೋಗದ ಮೂಲ. ಇದಕ್ಕೆ ಆಟೋಇಮ್ಯೂನ್ ಹೆಪಟೈಟಿಸ್ ಎಂದು ಹೆಸರು. ಸ್ವೀಡನ್ನಿನ ವೈದ್ಯ ಯಾನ್ ವಾಲ್ಡೆನ್‌ಸ್ಟ್ರಾಮ್ 1950ರಲ್ಲಿ ಇದನ್ನು ತರುಣಿಯರಲ್ಲಿ ಗುರುತಿಸಿ ವರ್ಣಿಸಿದನು. ಇಂದಿಗೂ ಪುರುಷರಿಗಿಂತ ಸ್ತ್ರೀಯರಲ್ಲಿಯೇ ಇದು ಹೆಚ್ಚು. ಕಾಮಾಲೆ ಕಾಣಿಸಿದಾಗ ಮನೆಯವರು ಎಚ್ಚರಗೊಳ್ಳುತ್ತಾರೆ. ಆದರೆ ಬಹುಕಾಲ ಆಯಾಸವೊಂದನ್ನು ಬಿಟ್ಟು ಬೇರೆ ಲಕ್ಷಣವಿಲ್ಲದೆಯೂ ರೋಗವು ಒಳಗೇ ಬೆಳೆಯಬಲ್ಲದು. ಆದಕಾರಣ “ನನಗೆ ಏನೂ ಅನಿಸುತ್ತಿಲ್ಲ” ಎಂಬ ಮಾತು ಇಲ್ಲಿ ಪ್ರಮಾಣವಲ್ಲ, ರಕ್ತಪರೀಕ್ಷೆಯೇ ಪ್ರಮಾಣ.

ಪ್ರೆಡ್ನಿಸೋಲೋನ್, ಅಜಾಥಯೋಪ್ರಿನ್ ಎಂಬ ಗುಳಿಗೆಗಳಿಂದ ಹೆಚ್ಚಿನ ರೋಗಿಗಳಲ್ಲಿ ಈ ರೋಗವು ಹತೋಟಿಗೆ ಬರುತ್ತದೆ. ಬಹುಕಾಲ ಪ್ರೆಡ್ನಿಸೋಲೋನ್ ಸೇವಿಸಿದವರ ದೇಹವು ಅದೇ ಜಾತಿಯ ತನ್ನ ಸಹಜ ರಸವನ್ನು ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ಅಂಥವರು ಪರ್ವದ ನೆಪದಲ್ಲಿ ಗುಳಿಗೆಯನ್ನು ಥಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ ಬರಬಹುದು. ಅಡಗಿದ ರೋಗವೂ ಮರಳಬಹುದು. ಈ ಗುಳಿಗೆಯನ್ನು ಸಾಮಾನ್ಯವಾಗಿ ಬೆಳಗಿನ ಆಹಾರದೊಡನೆ ಕೊಡುವುದರಿಂದ ರಾತ್ರಿಭೋಜನ ತ್ಯಾಗಕ್ಕೆ ಬಾಧೆಯಿಲ್ಲ.

ಮೂತ್ರಪಿಂಡಗಳ ಸಂಬಂಧ

ಯಕೃತ್ತು ಗಡುಸಾಗಿ ಗಂಟುಗಟ್ಟಿದ ಸ್ಥಿತಿಗೆ ಸಿರೋಸಿಸ್ ಎನ್ನುತ್ತಾರೆ. ಅದು ಬಲಿತಾಗ ಮೂತ್ರಪಿಂಡಗಳಿಗೆ ಹರಿಯುವ ರಕ್ತ ತಗ್ಗುತ್ತದೆ. ಅದರ ಮೇಲೆ ನೀರನ್ನೂ ಬಿಟ್ಟರೆ ಅವುಗಳ ಕೆಲಸ ಹಠಾತ್ತನೆ ಕುಂದಬಹುದು. ಬೇಸಗೆಯಲ್ಲಿ 40 ಡಿಗ್ರಿ ಮೀರುವ ಈ ಸೀಮೆಯಲ್ಲಿ ಬೆವರಿನಿಂದಲೇ ಬಹಳ ನೀರು ಹೋಗುತ್ತದೆ. ಉಪವಾಸದ ತಲೆನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಗುಳಿಗೆ ನುಂಗುವುದು ಮತ್ತೊಂದು ಹಾನಿ. ಸ್ಟೀರಾಯ್ಡ್ ಔಷಧದಿಂದ ಸಕ್ಕರೆ, ರಕ್ತದೊತ್ತಡ ಏರಬಹುದಾದುದರಿಂದ ಅವುಗಳನ್ನೂ ನೋಡಿಸುತ್ತಿರಬೇಕು. ಮೈ ಸೊರಗಿದವರಲ್ಲಿ ಕ್ರಿಯಾಟಿನಿನ್ ಅಂಕೆ ಸರಿಯಾಗಿ ಕಂಡರೂ ಮೂತ್ರಪಿಂಡ ಸೋತಿರಬಹುದು. ಆದಕಾರಣ ಒಂದೇ ಅಂಕೆಯಿಂದ ಸಮಾಧಾನಪಡದೆ ವೈದ್ಯರಿಂದ ಕೇಳಿ ತಿಳಿಯಬೇಕು.

ಪ್ರೋಷಧೋಪವಾಸದ ಉತ್ತಮ ಕ್ರಮವು 16 ಪ್ರಹರ, ಅಂದರೆ 48 ತಾಸು. ಆರೋಗ್ಯವಂತನ ಯಕೃತ್ತು ಸಕ್ಕರೆಯ ಅಂಶವನ್ನು ಕೂಡಿಟ್ಟು ಹಸಿವಿನ ಹೊತ್ತಿಗೆ ಕೊಡುತ್ತದೆ. ಸಿರೋಸಿಸ್ ಆದ ಯಕೃತ್ತಿಗೆ ಆ ಕಣಜವಿಲ್ಲ. ಆರೋಗ್ಯವಂತನು ಎರಡು ಮೂರು ದಿನ ಹಸಿದಾಗ ಆಗುವ ಕ್ಷಯವು ಅಂಥವರಿಗೆ ಒಂದು ರಾತ್ರಿಯಲ್ಲಿಯೇ ಆಗುತ್ತದೆ. ದೇಹವು ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ. ಅಂಥವರಿಗೆ ದೀರ್ಘ ಉಪವಾಸ ಸಲ್ಲದು.

ಶಾಸ್ತ್ರದ ದೃಷ್ಟಿ

ತೀರ್ಥಂಕರ ಪ್ರಕೃತಿಯ ಬಂಧಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗ ಮತ್ತು ತಪಗಳೆರಡಕ್ಕೂ ‘ಶಕ್ತಿತಃ’ ಎಂಬ ವಿಶೇಷಣವಿದೆ. ಶಕ್ತಿಯನ್ನು ಅಡಗಿಸಿ ಸೋಮಾರಿಯಾಗುವುದು ಎಷ್ಟು ದೋಷವೋ, ಇಲ್ಲದ ಶಕ್ತಿಯನ್ನು ಇದೆಯೆಂದು ತೋರಿಸುವುದೂ ಅಷ್ಟೇ ದೋಷ. ಬಾಹ್ಯ ತಪಗಳು ಆರು; ಅವುಗಳಲ್ಲಿ ಅನಶನವು ಒಂದು ಮಾತ್ರ. ಅವಮೋದರ್ಯ, ರಸಪರಿತ್ಯಾಗಗಳೂ ತಪಗಳೇ.

ಸಮಂತಭದ್ರಾಚಾರ್ಯರ ಚರಿತ್ರೆಯು ಇಲ್ಲಿ ಸ್ಮರಣೀಯ. ಮುನಿಯಾಗಿದ್ದಾಗ ಅವರಿಗೆ ಭಸ್ಮಕ ರೋಗ ಬಂದಿತೆಂದೂ, ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ನಿರಾಕರಿಸಿದರೆಂದೂ, ಮುನಿವೇಷವನ್ನು ತ್ಯಜಿಸಿ ರೋಗ ಕಳೆದುಕೊಂಡು ಮರಳಿ ದೀಕ್ಷೆ ಪಡೆಯಲು ಆಜ್ಞಾಪಿಸಿದರೆಂದೂ ಪರಂಪರೆ ಹೇಳುತ್ತದೆ. ದೇವಚಂದ್ರನ ‘ರಾಜಾವಳೀಕಥೆ’ಯಲ್ಲಿಯೂ ಈ ವೃತ್ತಾಂತವಿದೆ. ಶ್ರಾವಕರ ವ್ರತಗಳನ್ನು ನಿರೂಪಿಸಿದ ‘ರತ್ನಕರಂಡಕ ಶ್ರಾವಕಾಚಾರ’ವು ಆ ಆಚಾರ್ಯರದೇ. ರೋಗದ ವಿಷಯದಲ್ಲಿ ಅದು ಪ್ರತೀಕಾರವಿಲ್ಲದ್ದಾದಾಗ ಮಾತ್ರ ಸಲ್ಲೇಖನವೆಂದು ವಿಧಿಸಿದ ಆ ಗ್ರಂಥದ ಅಭಿಪ್ರಾಯದಂತೆ, ಗುಳಿಗೆಯಿಂದ ಹತೋಟಿಗೆ ಬರುವ ರೋಗವು ದೇಹತ್ಯಾಗಕ್ಕೆ ಕಾರಣವಾಗಲಾರದು. ಗುರುವಿನ ಆಜ್ಞೆಯಿಂದ ಮುನಿಯೇ ತನ್ನ ಚರ್ಯೆಯನ್ನು ಕೆಲಕಾಲ ಸಡಿಲಿಸಿದ ಮೇಲೆ ಗೃಹಸ್ಥೆಯು ನಾಚಬೇಕಾದುದೇನು?

ವೈದ್ಯವು ಜೈನರಿಗೆ ಹೊರಗಿನದೂ ಅಲ್ಲ. ನೆರೆಯ ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು ನೃಪತುಂಗನ ಸಭೆಯಲ್ಲಿ ಮಾಂಸಸೇವನೆಯ ನಿರರ್ಥಕತೆಯನ್ನು ಪ್ರತಿಪಾದಿಸಿದರು. ಅವರು ಮಾಂಸವನ್ನು ಖಂಡಿಸಿದರೇ ಹೊರತು ಔಷಧವನ್ನಲ್ಲ.

ಆಚರಣೆಯ ಕ್ರಮ

ಪರ್ವಕ್ಕೆ ಒಂದು ತಿಂಗಳು ಮೊದಲೇ ರಕ್ತ, ಮೂತ್ರಗಳ ಪರೀಕ್ಷೆ ಮಾಡಿಸಿ ವೈದ್ಯರ ಅಭಿಪ್ರಾಯ ಪಡೆದು, ಅದನ್ನು ಗುರುಗಳ ಮುಂದೆ ನಿವೇದಿಸಿ, ಬಳಿಕವೇ ಸಂಕಲ್ಪ ಮಾಡಬೇಕು. ಮೊದಲು ಕಠಿಣ ಸಂಕಲ್ಪ ಮಾಡಿ ನಡುವೆ ಮುರಿಯುವುದಕ್ಕಿಂತ, ನಡೆಯುವಷ್ಟನ್ನು ಹಿಡಿದು ಪೂರ್ಣ ನಡೆಸುವುದು ಲೇಸು.

ಬಾವು ಅಥವಾ ರಕ್ತದೊತ್ತಡ ಇದ್ದವರಿಗೆ ಉಪ್ಪನ್ನು ಕಡಿಮೆ ಮಾಡಲು ವೈದ್ಯರು ಹೇಳುತ್ತಾರೆ. ಅದನ್ನೇ ರಸಪರಿತ್ಯಾಗವಾಗಿ ಸ್ವೀಕರಿಸಬಹುದು. ಆದರೆ ಹಾಲು, ಮೊಸರು, ಬೇಳೆಗಳನ್ನು ಒಟ್ಟಿಗೆ ಬಿಟ್ಟರೆ ಮೈ ಸೊರಗುತ್ತದೆ. ಚಳಿಗಾಲದಲ್ಲಿ ಈ ಸೀಮೆಯ ರಾತ್ರಿ ಸುಮಾರು 13 ತಾಸು. ಎರಡು ಕಡೆಯ ಎರಡೆರಡು ಘಳಿಗೆ ಸೇರಿದರೆ ಹದಿನಾಲ್ಕೂವರೆ. ಆದುದರಿಂದ ಸಂಜೆಯ ಊಟವನ್ನು ಮರ್ಯಾದೆಯ ಕೊನೆಯಲ್ಲಿಯೂ ಬೆಳಗಿನದನ್ನು ಮರ್ಯಾದೆ ಮುಗಿದೊಡನೆಯೂ ಮಾಡಬೇಕು. ಅದೂ ಸಾಲದೆಂದು ವೈದ್ಯರು ಹೇಳಿದ ಸಿರೋಸಿಸ್ ರೋಗಿಯು ಗುರುಗಳ ಬಳಿ ಮುಚ್ಚುಮರೆಯಿಲ್ಲದೆ ಕೇಳಬೇಕು. ನಸುಕಿನಲ್ಲಿ ಎದ್ದು ಆಕೆಗಾಗಿ ರೊಟ್ಟಿ ಬೇಳೆ ಸಿದ್ಧಪಡಿಸುವ ಮನೆಯವರಿಗೆ ಅದೇ ವೈಯಾವೃತ್ಯ ತಪ.

ನೀರು ಸೋಸಿ ಕಾಯಿಸುವುದು ಜೀವದಯೆಗೆ ಉಚಿತ. ಆದರೆ ಫ್ಲೋರೈಡ್, ಆರ್ಸೆನಿಕ್‌ಗಳು ಅದರಿಂದ ಹೋಗುವುದಿಲ್ಲ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದದ್ದನ್ನು ನೆನೆದು ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಬೇಕು. ಗಿಡಮೂಲಿಕೆಯೆಂದು ಎಲ್ಲವೂ ನಿರಪಾಯವಲ್ಲ: ಅಮೃತಬಳ್ಳಿ ಸೇವಿಸಿದ ಆರು ಜನರಲ್ಲಿ ಯಕೃತ್ತಿನ ಉರಿಯೂತ ಕಂಡುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಅದರ ಬಗೆಗೆ ವಾದವೂ ನಡೆಯಿತು. ಆದರೂ ಈ ರೋಗವುಳ್ಳವರು ವೈದ್ಯರನ್ನು ಕೇಳದೆ ಕಷಾಯ ಕುಡಿಯದಿರುವುದೇ ಕ್ಷೇಮ.

ಹೀಗೆ ನಡೆದರೆ ಆ ಶ್ರಾವಕಿಯ ಹದಿಮೂರನೆಯ ಅನಂತ ಚತುರ್ದಶಿಯಂದು ಬೆಳಗಿನ ಗುಳಿಗೆಯೂ ಇರುತ್ತದೆ, ಹಗಲಿನ ಮಿತಾಹಾರವೂ ಇರುತ್ತದೆ, ಬಸದಿಯ ಪೂಜೆಯೂ ಸ್ವಾಧ್ಯಾಯವೂ ಇರುತ್ತವೆ. ಅದು ಭಂಗವಾದ ನೋಂಪಿಯಲ್ಲ. ಅಳತೆ ಅರಿತು ನಡೆಸಿದ ನೋಂಪಿ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಆರು ಬಾಹ್ಯ ತಪಗಳಲ್ಲಿ ರೋಗಿಯು ಆಚರಿಸಬಹುದಾದವು ಯಾವುವು?
2. ಸಮಂತಭದ್ರರ ಗುರುಗಳು ಸಲ್ಲೇಖನವನ್ನು ಏಕೆ ನಿರಾಕರಿಸಿದರು?
3. ಸಂಕಲ್ಪಕ್ಕೆ ಮುಂಚೆ ವೈದ್ಯರನ್ನೂ ಗುರುಗಳನ್ನೂ ಕೇಳುವುದರ ಪ್ರಯೋಜನವೇನು?