ಹಾರ್ಮೋನು ಚಿಕಿತ್ಸೆಯ ದಣಿವು

ಅಜ್ಜಂಪುರದ ಅಮೃತಮಹಲ್ ದನಗಳನ್ನು ಕಡೂರು, ತರೀಕೆರೆ ಸೀಮೆಯ ವಿದ್ಯಾರ್ಥಿಗಳು ನೋಡಿಯೇ ಇರುತ್ತಾರೆ. ಬೀಜ ಒಡೆಸಿದ ಹೋರಿಯು ಸೌಮ್ಯವಾಗುವುದನ್ನೂ ಅದರ ಹಿಣಿಲು ಬೀಜದ ಹೋರಿಯದರಷ್ಟು ಬೆಳೆಯದಿರುವುದನ್ನೂ ಇಲ್ಲಿಯ ರೈತರು ತಲೆಮಾರುಗಳಿಂದ ಬಲ್ಲರು. ವೃಷಣಗಳಲ್ಲಿ ಉತ್ಪನ್ನವಾಗಿ ರಕ್ತದೊಡನೆ ದೇಹವನ್ನೆಲ್ಲ ಸಂಚರಿಸುವ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಇಲ್ಲವಾದುದೇ ಇದಕ್ಕೆ ಕಾರಣ.

ಪುರುಷರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರನ್ನು ಪೋಷಿಸುವುದೂ ಇದೇ ಹಾರ್ಮೋನು. ಷಿಕಾಗೋದ ಚಾರ್ಲ್ಸ್ ಹಗ್ಗಿನ್ಸರು 1941ರಲ್ಲಿ ಇದನ್ನು ತೋರಿಸಿಕೊಟ್ಟರು. 1966ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಈಗ ಶಸ್ತ್ರಕ್ರಿಯೆಗೆ ಬದಲಾಗಿ ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಕೊಡುವ ಸೂಜಿಮದ್ದು, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ವೃಷಣಗಳಿಗೆ ಹೋಗುವ ಆಜ್ಞೆಯನ್ನೇ ತಡೆಯುತ್ತದೆ. ಸ್ತನದ ಕ್ಯಾನ್ಸರಿನ ಕೆಲವು ಬಗೆಗಳಲ್ಲಿ ಈಸ್ಟ್ರೊಜೆನ್ನಿಗೆ ಅಡ್ಡಬರುವ ಗುಳಿಗೆಗಳನ್ನು ಐದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಸೇವಿಸಬೇಕಾಗುತ್ತದೆ.

ತರೀಕೆರೆಯ ಒಬ್ಬ ಅಜ್ಜನನ್ನು ಊಹಿಸಿಕೊಳ್ಳೋಣ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಲ್ಲಿ ಸೂಜಿಮದ್ದು ಹಾಕಿಸಿಕೊಂಡು ಆತ ರೈಲಿನಲ್ಲಿ ಹಿಂತಿರುಗಿದ್ದಾನೆ. ಪ್ರತಿದಿನ ಅಡಕೆ ತೋಟಕ್ಕೆ ಹೋಗುತ್ತಿದ್ದವನು ಈಗ ಜಗಲಿ ಬಿಟ್ಟು ಏಳನು. ಸಣ್ಣ ಮಾತಿಗೂ ಅವನ ಕಣ್ಣು ತುಂಬುತ್ತದೆ. “ಧೈರ್ಯಗೆಟ್ಟಿದ್ದಾನೆ” ಎನ್ನುತ್ತಾರೆ ಮನೆಯವರು. ನಮ್ಮ ಅಭಿಪ್ರಾಯದಲ್ಲಿ ಇದು ದೊಡ್ಡ ಅನ್ಯಾಯ. ಅಸ್ಥಿಮಜ್ಜೆಯಲ್ಲಿ ಕೆಂಪು ರಕ್ತಕಣಗಳ ಉತ್ಪತ್ತಿಗೆ ಪ್ರಚೋದನೆ ಕೊಡುವುದು ಟೆಸ್ಟೋಸ್ಟೆರಾನ್. ಅದು ತಗ್ಗಿದರೆ ರಕ್ತವೂ ತೆಳುವಾಗುತ್ತದೆ. ಸ್ನಾಯುಗಳು ಕರಗುತ್ತವೆ. ನಡುರಾತ್ರಿ ಮೈಯೆಲ್ಲ ಬಿಸಿಯೇರಿ ಬೆವೆತು ನಿದ್ರೆ ಕೆಡುತ್ತದೆ. ಮನಸ್ಸಿನ ಉತ್ಸಾಹಕ್ಕೂ ಈ ಹಾರ್ಮೋನಿಗೂ ಸಂಬಂಧವುಂಟು.

ದಣಿದವನು ಮಲಗಬೇಕೆಂಬ ಲೋಕಾಭಿಪ್ರಾಯ ಇಲ್ಲಿ ತಲೆಕೆಳಗಾಗುತ್ತದೆ. ಮಲಗಿದಷ್ಟೂ ಸ್ನಾಯು ಕ್ಷೀಣಿಸಿ, ದಣಿವು ಇನ್ನೂ ಹೆಚ್ಚುತ್ತದೆ. ವಾರಕ್ಕೆ ಮೂರು ಬಾರಿ, ಪ್ರತಿಬಾರಿಯೂ ಸುಮಾರು 30 ನಿಮಿಷ ಬಿರುಸಾಗಿ ನಡೆಯುವುದನ್ನು 12 ವಾರ ಬಿಡದೆ ಮಾಡಿದರೆ ದಣಿವೂ ಖಿನ್ನತೆಯೂ ತಗ್ಗುವುವೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಮೊದಲ ವಾರ ತೋಟದ ಬೇಲಿಯವರೆಗೆ ಹೋಗಿಬಂದರೂ ಸಾಕು. ಮೊಮ್ಮಗನೋ ಮೊಮ್ಮಗಳೋ ಜೊತೆಗೆ ಹೊರಟರೆ ಅಜ್ಜ ಒಲ್ಲೆನೆನ್ನಲಾರ! ಮೂಳೆಗೆ ರೋಗ ಹಬ್ಬಿದ್ದರೆ ಮಾತ್ರ ಯಾವ ವ್ಯಾಯಾಮ ತಕ್ಕುದೆಂದು ವೈದ್ಯರನ್ನು ಮೊದಲೇ ಕೇಳಬೇಕು.

ಎರಡು ವಾರಕ್ಕೂ ಮೀರಿ ಯಾವುದರಲ್ಲಿಯೂ ಆಸಕ್ತಿಯಿಲ್ಲದಿದ್ದರೆ ಅದು ಕೇವಲ ಬೇಸರವಲ್ಲ, ಚಿಕಿತ್ಸೆಗೆ ಬಗ್ಗುವ ಖಿನ್ನತೆಯಿರಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯ ಮೂಲಕ ಶುಲ್ಕವಿಲ್ಲದೆ ಕರೆಮಾಡಬಹುದು. ಟ್ಯಾಮಾಕ್ಸಿಫೆನ್ ಸೇವಿಸುವ ಸ್ತ್ರೀಯರು ಆ ವಿಷಯವನ್ನು ಮನೋವೈದ್ಯರಿಗೆ ಅವಶ್ಯವಾಗಿ ಹೇಳಬೇಕು. ಖಿನ್ನತೆಯ ಕೆಲವು ಔಷಧಿಗಳು ಅದರ ಗುಣವನ್ನು ಕುಂದಿಸುತ್ತವೆ.

ದಣಿವಿಗೆ ಬೇಸತ್ತು ಸೂಜಿಮದ್ದನ್ನೇ ಬಿಡುವವರುಂಟು. ತಾವಾಗಿಯೇ ಹಾಗೆ ಬಿಟ್ಟರೆ ರೋಗಕ್ಕೆ ಮತ್ತೆ ಪೋಷಣೆ ದೊರೆಯುತ್ತದೆ. ನಮ್ಮ ಹಿರಿಯರು, ವಿಶೇಷವಾಗಿ ಗಂಡಸರು, ಇಂಥದನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ಆದ್ದರಿಂದ ಓದುಬರಹ ಬಲ್ಲ ಕಿರಿಯರು ನಿದ್ರೆ, ನಡಿಗೆ, ಊಟ, ಮನಸ್ಸಿನ ಸ್ಥಿತಿಗಳನ್ನು ಒಂದು ಪುಸ್ತಕದಲ್ಲಿ ಗುರುತುಹಾಕಿಟ್ಟು, ಮುಂದಿನ ಸಲ ಬೆಂಗಳೂರಿಗೆ ಹೊರಡುವಾಗ ಅಜ್ಜನ ಚೀಲದಲ್ಲಿ ಇಡಬಹುದು.