ಈಜು ಬಂದರೂ ನೀರಿಗೆ ಬೇಡ

ಚರ್ಚ್ ಯುವಜನ ಕೂಟದ ಶಿಬಿರಕ್ಕೆ ಶಿವನಸಮುದ್ರ ಆರಿಸಿದ್ದೀರಿ, ಸಂತೋಷ ಮೇಡಂ. ಆದರೆ ‘ಈಜು ಬಲ್ಲವರು ನದಿಗೆ ಇಳಿಯಬಹುದು’ ಎಂಬ ಸಾಲನ್ನು ಸೂಚನಾಪತ್ರದಿಂದ ಮೊದಲು ಹೊಡೆದುಹಾಕಿ. ಕೆ.ಆರ್.ಎಸ್., ಕಬಿನಿ ಜಲಾಶಯಗಳಿಂದ ನೀರು ಬಿಟ್ಟರೆ ಇಲ್ಲಿ ಬಿಸಿಲಿದ್ದಾಗಲೂ ಕಾವೇರಿ ಏರುತ್ತಾಳೆ. ಪಾಚಿ ಕಟ್ಟಿದ ಬಂಡೆಯಲ್ಲಿ ಕಾಲು ಜಾರಿದರೆ ಈಜು ಬಂದೇನು ಪ್ರಯೋಜನ? ಗಗನಚುಕ್ಕಿ ಜಲಪಾತವನ್ನು ಎಲ್ಲರೂ ವೀಕ್ಷಣಾ ಕಟ್ಟೆಯಿಂದಲೇ ನೋಡಲಿ. ಸೆಲ್ಫಿಗೂ ಅಷ್ಟು ಜಾಗ ಸಾಕು! ನದಿದಡದಲ್ಲಿ ಟೆಂಟ್ ಬೇಡ.

ಇನ್ನು, ನೀವು ಕೇಳದೇ ಬಿಟ್ಟ ವಿಷಯ: ಶಿಬಿರದಲ್ಲಿ ಮಕ್ಕಳ ಸುರಕ್ಷತೆ. ಯಾವ ಹಿರಿಯರೂ, ಪಾಸ್ಟರ್ ಆದರೂ ಸರಿ, ಮಗುವಿನ ಜೊತೆ ಒಬ್ಬರೇ ಇರಬಾರದು. ‘ನಮ್ಮವರೇ ಅಲ್ವಾ’ ಎಂಬ ಸಂಕೋಚ ಬಿಡಿ. ಲೈಂಗಿಕ ಕಿರುಕುಳದ ದೂರು ಬಂದರೆ ಸಭೆಯೊಳಗೇ ಮುಚ್ಚಿಡುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098, ತುರ್ತು ಕರೆಗೆ 112: ಎರಡನ್ನೂ ಬರೆದು ಪ್ರತಿಯೊಬ್ಬರ ಬ್ಯಾಗಿಗೆ ಹಾಕಿ.