ಕಾಲ್ಚೆಂಡಾಟದಲ್ಲಿ ಸ್ತ್ರೀಯರ ವೇಗದೋಟ

೧೯೨೧ನೆಯ ಇಸವಿಯ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಘವು, ಈ ಆಟವು ಸ್ತ್ರೀಯರಿಗೆ ತಕ್ಕುದಲ್ಲವೆಂದು ತೀರ್ಮಾನಿಸಿ, ತನ್ನ ಅಧೀನದ ಮೈದಾನಗಳನ್ನು ಅವರಿಗೆ ಮುಚ್ಚಿತು. ಆ ನಿಷೇಧವು ಸುಮಾರು ಐವತ್ತು ವರ್ಷ ನಿಂತಿತು. ಈಗಿನ ಅಳತೆಗಳನ್ನು ನೋಡುವ.

ವೃತ್ತಿನಿರತ ಆಟಗಾರ್ತಿಯು ೯೦ ನಿಮಿಷಗಳಲ್ಲಿ ಸುಮಾರು ೧೦ ಕಿಲೋಮೀಟರ್ ಸಂಚರಿಸುವಳು. ಅದರಲ್ಲಿ ಬಹುಭಾಗವು ನಡಿಗೆ ಮತ್ತು ಮೆಲ್ಲೋಟ. ೨೦೧೯ರಲ್ಲಿ ಫ್ರಾನ್ಸಿನಲ್ಲಿ ಜರುಗಿದ ವಿಶ್ವಕಪ್ಪಿನ ಅಳತೆಯಲ್ಲಿ ಗಂಟೆಗೆ ೨೩ ಕಿಲೋಮೀಟರನ್ನು ಮೀರಿದ ಓಟವನ್ನು ಮಾತ್ರ ವೇಗದೋಟವೆಂದು ಎಣಿಸಿದರು. ಒಟ್ಟು ದೂರದಲ್ಲಿ ಅದು ಅತ್ಯಲ್ಪ ಪಾಲು; ಒಂದೊಂದೂ ಕೆಲವೇ ಕ್ಷಣಗಳದ್ದು. ಆದರೂ ಚೆಂಡನ್ನು ಮೊದಲು ಮುಟ್ಟುವವಳು ಯಾರೆಂಬುದು ಅನೇಕ ವೇಳೆ ಆ ಕ್ಷಣಗಳಲ್ಲಿಯೇ ತೀರ್ಮಾನವಾಗುವುದು.

ಒಮ್ಮೆ ಬಲು ವೇಗವಾಗಿ ಓಡಿದರೆ ಸಾಲದು. ಕೊನೆಯ ನಿಮಿಷದವರೆಗೂ ಮತ್ತೆ ಮತ್ತೆ ಓಡಬೇಕು. ಸ್ನಾಯುಗಳಲ್ಲಿರುವ ತತ್‌ಕ್ಷಣದ ಶಕ್ತಿಯು ಕೆಲವು ಸೆಕೆಂಡುಗಳಲ್ಲಿಯೇ ಕುಗ್ಗುವುದು. ನಡೆಯುವಾಗ ಉಸಿರಾಟದ ನೆರವಿನಿಂದ ಮರಳಿ ತುಂಬುವುದು. ಆಟದ ನಡುವೆ ನಡೆಯುವವಳನ್ನು ಸೋಮಾರಿಯೆಂದು ನಾವೂ ಒಂದು ಕಾಲದಲ್ಲಿ ಬಗೆದಿದ್ದೆವು!

ಓಡುವುದಕ್ಕಿಂತ ನಿಲ್ಲುವುದು ಅಪಾಯಕರ. ಥಟ್ಟನೆ ತಡೆದು ತಿರುಗುವಾಗ ಮೊಣಕಾಲಿನೊಳಗಿನ ಅಸ್ಥಿರಜ್ಜು ಹರಿಯುವುದುಂಟು. ಈ ಗಾಯವು ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ತೊಡೆಯ ಸ್ನಾಯುಗಳನ್ನು ಬಲಪಡಿಸುವ, ಜಿಗಿದು ಸರಿಯಾಗಿ ಇಳಿಯುವುದನ್ನು ಕಲಿಸುವ ಅಭ್ಯಾಸಗಳಿಂದ ಅದು ಕಡಿಮೆಯಾಗುವುದೆಂದು ಕಂಡುಬಂದಿದೆ. ಆ ಇಪ್ಪತ್ತು ನಿಮಿಷದ ಅಭ್ಯಾಸವನ್ನು ಬಿಟ್ಟು ಹುಡುಗಿಯರನ್ನು ಮೈದಾನಕ್ಕಿಳಿಸುವುದನ್ನು ನಾವು ಒಪ್ಪೆವು.